ಮೂರನೆಯ ಕುಡಿಕೆ

ಆ ಊರಿನಲ್ಲಿ ಯಾರೂ ಗುಣವಂತರಾಗಿ ಹುಟ್ಟುವುದಿಲ್ಲ. ಗುಣಗಳನ್ನು ಅಲ್ಲಿ ಹೆಪ್ಪು ಹಾಕಬೇಕು.

ಸಂಜೆ ದೀಪ ಹಚ್ಚುವ ಮೊದಲು ಹಾಲು ಕಾಯಿಸಬೇಕು. ಅದು ಉಗುರುಬೆಚ್ಚಗಾಗುವವರೆಗೆ ಕಾಯಬೇಕು. ನಿನ್ನೆಯದರಲ್ಲಿ ಒಂದು ಚಮಚ ಉಳಿಸಿಕೊಂಡಿರಬೇಕು. ಆ ಒಂದು ಚಮಚವನ್ನು ಹಾಲಿಗೆ ಬೆರೆಸಿ, ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿ, ತೊಲೆಯಿಂದ ತೂಗುವ ನೆಲವಿಗೆ ಏರಿಸಬೇಕು. ಬೆಳಿಗ್ಗೆ, ಬೇರೇನನ್ನೂ ತಿನ್ನುವ ಮೊದಲು, ಒಂದು ಚಮಚ ಬಿಟ್ಟು ಉಳಿದದ್ದನ್ನು ತಿನ್ನಬೇಕು. ಗಮನದ ಕುಡಿಕೆ ತಿಂದವರಿಗೆ ಆ ದಿನ ಗಮನ ಇರುತ್ತದೆ. ಸಹನೆಯ ಕುಡಿಕೆ ತಿಂದವರಿಗೆ ಆ ದಿನ ಸಹನೆ ಇರುತ್ತದೆ. ನಾಳೆಯದನ್ನು ನಾಳೆ ತಿನ್ನಬೇಕು.

ಒಂದು ಸಂಜೆ ಮರೆತರೆ ಹುಳಿಯಾಗುತ್ತದೆ. ಎರಡು ಸಂಜೆ ಮರೆತರೆ ನೀರು ಬಿಡುತ್ತದೆ. ಮೂರು ಸಂಜೆ ಮರೆತರೆ ಆ ಗುಣ ಆ ಮನೆಯಿಂದ ಹೋಯಿತು.

ಇಲ್ಲದವರು ಇದ್ದವರ ಮನೆಗೆ ಹೋಗಿ ಹೆಪ್ಪು ಕೇಳಬೇಕು. ಅದಕ್ಕೊಂದು ಕಟ್ಟಳೆ ಇದೆ. ಒಂದು ಗುಣದ ಹೆಪ್ಪನ್ನು ಜನ್ಮದಲ್ಲಿ ಒಂದೇ ಬಾಗಿಲಿನಲ್ಲಿ ಕೇಳಬಹುದು. ಕಳೆದುಕೊಂಡವರು ಅದೇ ಬಾಗಿಲಿಗೆ ಮರಳಬಹುದು. ಎರಡನೆಯ ಬಾಗಿಲು ಯಾರಿಗೂ ಇಲ್ಲ. ಹಾಗಾಗಿ ಆ ಊರಿನ ಜನ ಬಾಗಿಲು ಆರಿಸುವಾಗ ಬಹಳ ಯೋಚಿಸುತ್ತಾರೆ. ಮದುವೆಗೂ ಅಷ್ಟು ಯೋಚಿಸುವುದಿಲ್ಲ.

ಕೇಳುವವರು ಹೊಸಿಲಿನ ಹೊರಗೆ ನಿಂತು, ಖಾಲಿ ಕುಡಿಕೆ ಚಾಚಿ, "ನನ್ನಲ್ಲಿಲ್ಲ" ಎನ್ನಬೇಕು. ಕೊಡುವವರು ಹೊಸಿಲಿನ ಒಳಗೆ ನಿಂತು, ಒಂದು ಚಮಚ ಹಾಕಿ, "ನನ್ನಲ್ಲಿದ್ದದ್ದು" ಎನ್ನಬೇಕು. ಇಷ್ಟೇ. ಬೇರೆ ಸಾಕ್ಷಿ ಇಲ್ಲ. ಎಲ್ಲ ಗುಣಗಳ ಬಣ್ಣವೂ ಬಿಳಿ. ನೋಡಿ ಹೇಳಲಾಗುವುದಿಲ್ಲ, ನಂಬಬೇಕು.

*

ಊರು ಈಚೆ ದಡದಲ್ಲಿ, ಹೊಲಗಳು ಆಚೆ ದಡದಲ್ಲಿ. ನಡುವೆ ತಳ ಕಾಣದ ಕಮರಿ. ಕಮರಿಯ ಮೇಲೆ ಹಗ್ಗದ ಸೇತುವೆ. ಸೊಂಟದ ಎತ್ತರಕ್ಕೆ ಕತ್ತಾಳೆ ನಾರಿನ ಎರಡು ದೊಡ್ಡ ಹಗ್ಗ, ಅವುಗಳಿಂದ ಇಳಿಬಿಟ್ಟು ಕಟ್ಟಿದ ಹಲಗೆಗಳು. ಬೆಳಿಗ್ಗೆ ಊರೆಲ್ಲ ಅದನ್ನು ದಾಟಿ ಕೆಲಸಕ್ಕೆ ಹೋಗುತ್ತದೆ, ಸಂಜೆ ದಾಟಿ ಮನೆಗೆ ಬರುತ್ತದೆ.

ಊರು ದಾಟುವ ಮೊದಲು ಒಬ್ಬಳು ಹಗ್ಗ ನೋಡಬೇಕು. ನೋಡುವುದು ಕಣ್ಣಿನಿಂದಲ್ಲ. ಎರಡೂ ಹಗ್ಗಗಳ ಮೇಲೆ ಬೆರಳಾಡಿಸುತ್ತ ಆಚೆ ದಡದವರೆಗೆ ನಡೆದು, ತಿರುಗಿ ಬಂದು, ಕಾಯುತ್ತಿರುವ ಜನಕ್ಕೆ ಒಂದೇ ಮಾತು ಹೇಳಬೇಕು. "ದಾಟಿ" ಅಥವಾ "ನಿಲ್ಲಿ".

"ನಿಲ್ಲಿ" ಎಂದರೆ ಎಲ್ಲವೂ ನಿಲ್ಲುತ್ತದೆ. ಊರಿಗೆ ಊರೇ ಕೂತು ಕತ್ತಾಳೆ ಕೊಳೆಹಾಕಿ, ಬಡಿದು, ನಾರು ಬಾಚಿ, ಹೊಸ ಹಗ್ಗ ಹೊಸೆಯಬೇಕು. ಎರಡು ತಿಂಗಳ ಕೆಲಸ. ಅಂಗೈ ಸುಲಿಯುತ್ತದೆ, ಮೈ ತುರಿಸುತ್ತದೆ. ಏಳು ವರ್ಷಕ್ಕೊಮ್ಮೆ ಇದು ಆಗಲೇಬೇಕು. ಆದರೆ ಆ ಲೆಕ್ಕ ಇಟ್ಟು, ಯಾವ ಬೆಳಿಗ್ಗೆ ಎಂದು ಹೇಳಬೇಕಾದವಳು ಹಗ್ಗ ನೋಡುವವಳು. ಆ ಬೆಳಿಗ್ಗೆ ಅವಳನ್ನು ಯಾರೂ ಪ್ರೀತಿಸುವುದಿಲ್ಲ.

ಆದ್ದರಿಂದ ಆ ಕೆಲಸಕ್ಕೆ ಮೂರು ಕುಡಿಕೆ ಬೇಕು. ಬೆರಳಿಗೆ ತಿಳಿಯಲು ಗಮನ. ಅದೇ ಹಗ್ಗವನ್ನು ದಿನವೂ ಹೊಸದೆಂಬಂತೆ ಮುಟ್ಟಲು ಸಹನೆ. ಒಂದು ದಿನ "ನಿಲ್ಲಿ" ಎನ್ನಲು ಧೈರ್ಯ.

ಬಹಳ ವರ್ಷ ಹಗ್ಗ ನೋಡಿದವಳನ್ನು ಊರೆಲ್ಲ ದೊಡ್ಡಮ್ಮ ಎನ್ನುತ್ತಿತ್ತು. ಅವಳ ಮಂಡಿ ಸೋತಾಗ ಅಮ್ಮನಿಲ್ಲದ ಒಬ್ಬ ಹುಡುಗಿಯನ್ನು ಆರಿಸಿ ಕೆಲಸ ಕಲಿಸಿದಳು. ಹುಡುಗಿಯ ಮಣಿಕಟ್ಟು ಹಿಡಿದು ಬೆರಳುಗಳನ್ನು ಹಗ್ಗದ ಮೇಲೆ ನಡೆಸಿದಳು. ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚಿದಳು. ಕತ್ತಾಳೆ ಮುಟ್ಟಿ ಕೈ ಉರಿದ ದಿನ ಬೆಣ್ಣೆ ಸವರಿದಳು.

ಹೆಪ್ಪು ಕೇಳುವ ದಿನ ಬಂದಾಗ ಹುಡುಗಿಯನ್ನು ಸಾಕಿದ ಅಕ್ಕ ಹೇಳಿದಳು: "ಮೂರಕ್ಕೂ ಒಂದೇ ಬಾಗಿಲು ಬೇಡ ಕಣೇ. ಧೈರ್ಯಕ್ಕೆ ಬಾವಿಯವನ ಮನೆಗೆ ಹೋಗು. ಬಾವಿ ತೋಡುವ ಅವನ ವಂಶದಲ್ಲಿ ಹೆದರಿದವರಿಲ್ಲ."

ಹುಡುಗಿ ಇದನ್ನು ದೊಡ್ಡಮ್ಮನಿಗೆ ಹೇಳಿದಳು. ದೊಡ್ಡಮ್ಮ ನಕ್ಕಳು. "ಬಾವಿಯ ಧೈರ್ಯ ಹಗ್ಗಕ್ಕೆ ಹೊಂದುವುದಿಲ್ಲ ಮಗಳೇ. ಅವನದು ಕೆಳಗೆ ಇಳಿಯುವ ಧೈರ್ಯ. ನಮ್ಮದು ಮೇಲೆ ನಿಲ್ಲುವುದು."

ಹುಡುಗಿ ದೊಡ್ಡಮ್ಮನ ಹೊಸಿಲಿನ ಹೊರಗೆ ನಿಂತು ಮೂರು ಸಲ "ನನ್ನಲ್ಲಿಲ್ಲ" ಎಂದಳು. ದೊಡ್ಡಮ್ಮ ಒಳಗೆ ನಿಂತು ಮೂರು ಸಲ "ನನ್ನಲ್ಲಿದ್ದದ್ದು" ಎಂದಳು. ಮೂರನೆಯ ಸಲವೂ ಅವಳ ದನಿ ಬದಲಾಗಲಿಲ್ಲ.

ಅಂದಿನಿಂದ ಹುಡುಗಿಯನ್ನು ಊರು ಹಗ್ಗದವಳು ಎಂದು ಕರೆಯಿತು.

*

ಹಗ್ಗದವಳು ಐದು ವರ್ಷ ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ಮೂರು ಕುಡಿಕೆ, ಮೂರು ಬಟ್ಟೆ, ಮೂರು ಚಮಚ. ಬೆಳಿಗ್ಗೆ ಗಮನ, ಆಮೇಲೆ ಸಹನೆ, ಆಮೇಲೆ ಧೈರ್ಯ. ಆಮೇಲೆ ಹಗ್ಗ. ಆಮೇಲೆ "ದಾಟಿ".

ಮೂರನೆಯ ವರ್ಷದ ಒಂದು ಬೆಳಿಗ್ಗೆ, ಮೂವತ್ತೊಂದನೆಯ ಹಲಗೆಯ ಬಳಿ, ಎಡಗಡೆಯ ಹಗ್ಗದಲ್ಲಿ ಅವಳ ಬೆರಳು ನಿಂತಿತು. ನಾರು ಹಿಟ್ಟಿನ ಹಾಗೆ ಬೆರಳಿಗೆ ಅಂಟಿತು. ಅವಳು ತಿರುಗಿ ಬಂದು "ದಾಟಿ" ಎಂದಳು. ನಂತರ ದೊಡ್ಡಮ್ಮನ ಮನೆಗೆ ಹೋಗಿ ವಿಷಯ ಹೇಳಿದಳು. ದೊಡ್ಡಮ್ಮ ಎದ್ದು ಬಂದು ನೋಡಲಿಲ್ಲ. "ಹಳೆಯ ಹಗ್ಗ ಹೀಗೇ. ಮೇಲೆ ಪುಡಿ, ಒಳಗೆ ಕಬ್ಬಿಣ. ಇನ್ನೂ ಸ್ವಲ್ಪ ದಿನ ನೋಡು" ಎಂದಳು.

ಹಗ್ಗದವಳು ಇನ್ನೂ ಸ್ವಲ್ಪ ದಿನ ನೋಡಿದಳು. ಪುಡಿ ಒಂದು ಗೇಣು ಉದ್ದವಾಯಿತು. ಎರಡು ಗೇಣಾಯಿತು. ಅವಳು ದಿನವೂ "ದಾಟಿ" ಎಂದಳು, ನಾಳೆ ಹೇಳೋಣ ಎಂದುಕೊಂಡಳು. ಅವಳ ಎದೆ ಒಂದು ದಿನವೂ ಬಡಿದುಕೊಳ್ಳಲಿಲ್ಲ. ಎದೆ ಬಡಿದುಕೊಳ್ಳದಿರುವುದೇ ಧೈರ್ಯ ಎಂದು ಅವಳು ತಿಳಿದಿದ್ದಳು.

ಐದನೆಯ ವರ್ಷ ಆಚೆ ದಡದ ಗಾಣದ ಕಲ್ಲು ಸೀಳಿತು. ಊರ ಹಿಂದಿನ ಗುಡ್ಡದಲ್ಲಿ ಹೊಸ ಕಲ್ಲು ಕಡಿದರು. ಹತ್ತು ದಿನಕ್ಕೆ ಅದನ್ನು ಸೇತುವೆಯ ಮೇಲೆ ಸಾಗಿಸುವುದೆಂದು ಊರು ನಿಶ್ಚಯಿಸಿತು. ಹನ್ನೆರಡು ಜನ ಬೊಂಬು ಕಟ್ಟಿ ಹೊರಬೇಕು. ಮುಂದಿನ ಹೆಗಲು ಅಕ್ಕನ ಗಂಡನದು.

"ನಿಮ್ಮ ಭಾವ ಈಗಲೇ ಹೆಗಲಿಗೆ ಎಣ್ಣೆ ಹಾಕಿ ತಿಕ್ಕಿಸಿಕೊಳ್ಳುತ್ತಿದ್ದಾರೆ" ಎಂದಳು ಅಕ್ಕ. "ಕಲ್ಲು ಹೊರೋದಕ್ಕೆ ಇಷ್ಟು ಸಡಗರ. ಒಂದು ಕೊಡ ನೀರು ಹೊರು ಅಂದರೆ ಸೊಂಟ ಹಿಡಿಯುತ್ತೆ."

ಹಗ್ಗದವಳು ನಕ್ಕಳು. ನಾಳೆ ಹೇಳೋಣ ಎಂದುಕೊಂಡಳು.

*

ಮಾರನೆಯ ದಿನ ಬೆಳಗಿನ ಜಾವ ಪಕ್ಕದ ಮನೆಯ ಬೆಕ್ಕು ನೆಲವಿಗೆ ಹಾರಿ ಎರಡನೆಯ ಕುಡಿಕೆಯನ್ನು ಉರುಳಿಸಿತು. ಸಹನೆಯೆಲ್ಲ ನೆಲದ ಪಾಲು. ಕುಡಿಕೆಯ ಒಳಮೈಗೆ ಅಂಟಿದ ಒಂದಿಷ್ಟನ್ನು ಕೆರೆದು ಸಂಜೆಗೆ ಎತ್ತಿಟ್ಟಳು. ಆ ದಿನ ಗಮನ ಮತ್ತು ಧೈರ್ಯ ಮಾತ್ರ ತಿಂದಳು.

ಸಹನೆ ತಿನ್ನದವರು ಮಧ್ಯಾಹ್ನದೊಳಗೆ ಯಾರ ಮೇಲಾದರೂ ರೇಗುತ್ತಾರೆ. ಇದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಹಗ್ಗದವಳು ರೇಗುವುದಕ್ಕೆ ಕಾದಳು. ಸಿಕ್ಕುಬಿದ್ದ ಒಂದು ಹೊರೆ ನಾರು ತಂದು ಬಾಚಲು ಕೂತಳು. ಮಧ್ಯಾಹ್ನವಾಯಿತು. ಸಂಜೆಯಾಯಿತು. ಸಿಕ್ಕೆಲ್ಲ ಬಿಡಿಸಿ ಮುಗಿಯಿತು. ಸಿಟ್ಟು ಬರಲಿಲ್ಲ.

ಅವಳು ಇದ್ದಲಿನಿಂದ ಗೋಡೆಯ ಮೇಲೆ ಒಂದು ಗೆರೆ ಎಳೆದಳು.

ಎರಡನೆಯ ದಿನ ಸಹನೆ ತಿಂದಳು, ಧೈರ್ಯ ಬಿಟ್ಟಳು. ಹಗ್ಗ ನೋಡಿದಳು. "ದಾಟಿ" ಎಂದಳು. ಹಿಂದಿನ ದಿನಕ್ಕಿಂತ ಹೆಚ್ಚು ಹೆದರಿಕೆಯಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಇನ್ನೊಂದು ಗೆರೆ ಎಳೆದಳು.

ಮೂರನೆಯ ದಿನ ಎರಡನ್ನೂ ಬಿಟ್ಟಳು. ಬಿಸಿಲು ಏರುವ ಮೊದಲೇ ಒಂದು ಆಡಿನ ಮೇಲೆ ನಾರಿನ ಬಾಚಣಿಗೆ ಎಸೆದಳು. ಅಕ್ಕನಿಗೆ, "ನಿನ್ನ ಬಾಯಿಗೆ ಬೀಗ ಇಲ್ಲವಾ?" ಎಂದಳು. ಅಕ್ಕ ಸೊಂಟದ ಮೇಲೆ ಕೈಯಿಟ್ಟು, "ಅಬ್ಬಾ, ಇಷ್ಟು ವರ್ಷಕ್ಕೆ ನನ್ನ ತಂಗಿ ಮನುಷ್ಯಳಾದಳು" ಎಂದಳು.

ಸಂಜೆ ಹಗ್ಗದವಳು ಗೋಡೆಯ ಮುಂದೆ ಕೂತಳು. ಎರಡನೆಯ ಕುಡಿಕೆ ಬಿಟ್ಟರೆ ಮೂರನೆಯದು ಸಹನೆ ಕಾಯುತ್ತದೆ. ಮೂರನೆಯದನ್ನು ಬಿಟ್ಟರೆ ಎರಡನೆಯದು ಕಾಯುತ್ತದೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಸಹನೆ ಹೋಗುತ್ತದೆ. ಮೂರನೆಯದನ್ನು ತಿಂದರೂ ಬಿಟ್ಟರೂ ಧೈರ್ಯ ಅಷ್ಟೇ.

ಇದಕ್ಕೆ ಒಂದೇ ಅರ್ಥವಿತ್ತು. ಅವಳು ಬೇರೊಂದನ್ನು ಹುಡುಕಿದಳು. ಸಿಗಲಿಲ್ಲ.

*

ನಾಲ್ಕನೆಯ ದಿನ ಎಂದಿನಂತೆ ಮೂರನ್ನೂ ತಿಂದು, ಹಗ್ಗ ನೋಡಿ, "ದಾಟಿ" ಎಂದು, ದೊಡ್ಡಮ್ಮನ ಮನೆಗೆ ಹೋದಳು. ದೊಡ್ಡಮ್ಮ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

"ಬಾ ಮಗಳೇ. ಯಾಕೆ ಮುಖ ಒಣಗಿದೆ? ಊಟ ಆಯ್ತಾ?"

"ನಿಮ್ಮ ಮೂರನೆಯ ಕುಡಿಕೆ ತೋರಿಸಿ ದೊಡ್ಡಮ್ಮ."

ದೊಡ್ಡಮ್ಮನ ಕೈ ನಿಂತಿತು. "ಯಾರು ಏನು ಹೇಳಿದರು?"

"ಬೆಕ್ಕು ಹೇಳಿತು."

ಹಗ್ಗದವಳು ಅಡುಗೆಮನೆಗೆ ಹೋಗಿ ನೋಡಿದಳು. ನೆಲವಿನಲ್ಲಿ ಎರಡು ಕುಡಿಕೆಗಳಿದ್ದವು. ಮೂರನೆಯದು ಮೂಲೆಯಲ್ಲಿ ಬೋರಲಾಗಿತ್ತು. ಎತ್ತಿದಾಗ ಅದರೊಳಗಿನಿಂದ ಒಣ ಜೇಡರ ಬಲೆ ಬಂತು.

"ಯಾವಾಗಿನಿಂದ?"

"ನೀನು ಬರುವುದಕ್ಕೆ ಐದು ವರ್ಷ ಮೊದಲಿನಿಂದ" ಎಂದಳು ದೊಡ್ಡಮ್ಮ. ಅವಳು ಮತ್ತೆ ಅವರೆಕಾಯಿ ಬಿಡಿಸತೊಡಗಿದ್ದಳು. "ಹಗ್ಗಕ್ಕೆ ಏಳು ತುಂಬಿತ್ತು. ಅವತ್ತು ನಿಲ್ಲಿ ಅನ್ನಬೇಕಿತ್ತು. ಜೋಳದ ಕೊಯ್ಲು. ಎಲ್ಲರೂ ಕುಡುಗೋಲು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ದಾಟಿ ಅಂದುಬಿಟ್ಟೆ. ಸಂಜೆ ಮನೆಗೆ ಬಂದು ಆ ಕುಡಿಕೆ ಮುಟ್ಟುವುದಕ್ಕೆ ನಾಚಿಕೆಯಾಯಿತು. ಮಾರನೆಯ ಸಂಜೆಯೂ ನಾಚಿಕೆ. ಮೂರನೆಯ ಸಂಜೆಯೂ."

"ನಿಮಗೆ ಕೊಟ್ಟವರ ಬಾಗಿಲಿಗೆ ಹೋಗಬಹುದಿತ್ತು."

"ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ."

"ನನಗೆ ಬಾವಿಯವನ ಬಾಗಿಲಿತ್ತು. ನಾನು ಹೊರಟಿದ್ದೆ. ನೀವು ಬಿಡಲಿಲ್ಲ."

ದೊಡ್ಡಮ್ಮ ತಲೆ ಎತ್ತಲಿಲ್ಲ. "ಬಿಟ್ಟಿದ್ದರೆ ಬೆರಳಿಗೆ ಪುಡಿ ಅಂಟಿದ ಮೊದಲ ಬೆಳಿಗ್ಗೆಯೇ ನೀನು ನಿಲ್ಲಿ ಅನ್ನುತ್ತಿದ್ದೆ. ಇಷ್ಟು ವರ್ಷ ದಾಟಿ ಅಂದವಳು ಯಾರು ಅಂತ ಊರು ಕೇಳುತ್ತಿತ್ತು."

"ಅದಕ್ಕೆ ಸಹನೆಯನ್ನೇ ಇನ್ನೊಂದು ಚಮಚ ಹಾಕಿದಿರಿ."

"ನನ್ನಲ್ಲಿದ್ದದ್ದನ್ನೇ ಕೊಟ್ಟೆ ಮಗಳೇ. ಗಮನದಲ್ಲಿ ಮೋಸ ಇಲ್ಲ. ಸಹನೆಯಲ್ಲಿ ಮೋಸ ಇಲ್ಲ. ಮೂರರಲ್ಲಿ ಎರಡು ನಿಜ. ಈ ಊರಿನಲ್ಲಿ ಎಷ್ಟು ಜನರಿಗೆ ಅಷ್ಟು ಸಿಕ್ಕಿದೆ?"

ಹಗ್ಗದವಳಿಗೆ ಕೂಗಬೇಕು ಅನ್ನಿಸಿತು. ಕೂಗಲು ಆಗಲಿಲ್ಲ. ಆ ಬೆಳಿಗ್ಗೆ ಅವಳು ಎರಡು ಕುಡಿಕೆ ಸಹನೆ ತಿಂದಿದ್ದಳು.

ಕೈಯಲ್ಲಿದ್ದ ಕುಡಿಕೆ ಕೆಳಗಿಟ್ಟು, "ಇನ್ನು ಆರು ದಿನಕ್ಕೆ ಕಲ್ಲು ಬರುತ್ತದೆ. ಹಗ್ಗ ತಡೆಯುವುದಿಲ್ಲ. ಮುಂದಿನ ಹೆಗಲು ನಮ್ಮ ಭಾವನದು" ಎಂದಳು.

ದೊಡ್ಡಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. "ನೀನು ನಿಲ್ಲಿ ಅನ್ನು. ನಾನು ನಿನ್ನ ಪಕ್ಕದಲ್ಲಿ ನಿಂತು ಹೌದು ಅನ್ನುತ್ತೇನೆ. ಇಷ್ಟಾದರೂ ಮಾಡುತ್ತೇನೆ."

ಆ ಕೈ ಬೆಚ್ಚಗಿತ್ತು. ಹಗ್ಗದವಳು ಇನ್ನೊಮ್ಮೆ ನಂಬಿದಳು.

*

ಬಾವಿಯವನು ಊರ ಹೊರಗೆ ಹೊಸ ಬಾವಿ ತೋಡುತ್ತಿದ್ದ. ಹಗ್ಗದವಳು ಅಂಚಿನಲ್ಲಿ ನಿಂತು ಖಾಲಿ ಕುಡಿಕೆ ಚಾಚಿ, "ನನ್ನಲ್ಲಿಲ್ಲ" ಎಂದಳು.

ಕೆಳಗಿನಿಂದ ದನಿ ಬಂತು. "ನಿನ್ನ ಬಾಗಿಲು ಮುಗಿದಿದೆಯಲ್ಲ ತಾಯಿ. ಕಟ್ಟಳೆ ನಾನು ಮಾಡಿದ್ದಲ್ಲ."

"ಗೊತ್ತು. ಆದರೂ ಕೇಳಿದೆ."

"ಐದು ವರ್ಷದ ಹಿಂದೆ ಬರುತ್ತೀಯ ಅಂತ ನಿಮ್ಮಕ್ಕ ಹೇಳಿದ್ದಳು. ಒಂದು ಚಮಚ ಎತ್ತಿಟ್ಟು ಕಾದೆ. ನೀನು ಬರಲಿಲ್ಲ. ಹಾಳು ಮಾಡಬಾರದು ಅಂತ ಅದನ್ನೂ ನಾನೇ ತಿಂದೆ. ಅವತ್ತು ಧೈರ್ಯ ಜಾಸ್ತಿಯಾಗಿ ಅತ್ತೆಗೆ ಎದುರು ಮಾತಾಡಿಬಿಟ್ಟೆ. ಆ ಜಗಳ ಇನ್ನೂ ಮುಗಿದಿಲ್ಲ."

ಹಗ್ಗದವಳು ನಗಲಿಲ್ಲ. "ನಿಮಗೆ ಹೆಪ್ಪು ಕೊಟ್ಟವರು ಯಾರು?"

"ನಮ್ಮಪ್ಪ."

"ಅವರಿಗೆ?"

"ಅವರಪ್ಪ."

"ಎಲ್ಲರಿಗಿಂತ ಮೊದಲಿನವರಿಗೆ?"

ಕೆಳಗೆ ಪಿಕಾಸಿಯ ಸದ್ದು ನಿಂತಿತು. ಮಣ್ಣು ತುಂಬಿದ ಬುಟ್ಟಿಯೊಂದು ಮೇಲೆ ಬಂತು, ಖಾಲಿಯಾಗಿ ಕೆಳಗೆ ಹೋಯಿತು.

"ಅದನ್ನು ಇದುವರೆಗೆ ಯಾರೂ ಕೇಳಿಲ್ಲ" ಎಂದ ಬಾವಿಯವನು.

ಹಗ್ಗದವಳು ಯೋಚಿಸುತ್ತ ಅಕ್ಕನ ಮನೆಗೆ ಬಂದಳು. ಎಲ್ಲೋ ಒಬ್ಬರ ಮುಂದೆ ಯಾವ ಬಾಗಿಲೂ ಇರಲಿಲ್ಲ. ಅವರ ಹಾಲೂ ಹೇಗೋ ಹೆಪ್ಪುಗಟ್ಟಿರಬೇಕು.

ಅಕ್ಕ ಊಟದ ಮೊಸರಿಗೆ ಹಾಲು ಆರಿಸುತ್ತಿದ್ದಳು. ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಮುರಿದು ಹಾಲಿಗೆ ಹಾಕಿದಳು.

"ಅದೇನದು?"

"ಹೆಪ್ಪು ಮುಗಿದಿದೆ. ನಿಮ್ಮ ಭಾವ ರಾತ್ರಿ ಗಡಿಗೆ ಬಳಿದು ತಿಂದಿದ್ದಾರೆ."

"ಹೆಪ್ಪಿಲ್ಲದೆ ಆಗುತ್ತದಾ?"

"ಗುಣವೇನೇ ಇದು, ಕಂಡವರ ಬಾಗಿಲು ಕಾಯೋದಕ್ಕೆ? ಅನ್ನಕ್ಕೆ ಕಲಸೋ ಮೊಸರು. ಮೊದಲ ಸಲ ಲೋಳೆಲೋಳೆ ಆಗುತ್ತೆ, ನಾಯಿಗೂ ಬೇಡ. ಅದರಲ್ಲೇ ಒಂದು ಚಮಚ ತೆಗೆದು ಮತ್ತೆ ಹಾಕಬೇಕು. ನಾಲ್ಕನೇ ಸಲಕ್ಕೆ ಯಾರ ಮನೆ ಹೆಪ್ಪು ಅಂತ ಯಾರೂ ಕೇಳಲ್ಲ."

ಹಗ್ಗದವಳು ಎರಡು ಮೆಣಸಿನಕಾಯಿ ಕೇಳಿ ತೆಗೆದುಕೊಂಡು ಹೋದಳು.

*

ಮೂರನೆಯ ಕುಡಿಕೆಯನ್ನು ಬಳಿದು, ಬೂದಿ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ತೊಳೆದಳು. ನಾಲ್ಕನೆಯ ಸಂಜೆ ತೊಟ್ಟು ಹಾಕಿ ಹಾಲು ಏರಿಸಿದಳು. ಬೆಳಿಗ್ಗೆ ಅದು ಲೋಳೆಯಾಗಿತ್ತು. ತಿಂದಳು. ಏನೂ ಆಗಲಿಲ್ಲ. ಹಾಲು ಮೊಸರಾಗಿತ್ತು, ಗುಣವಾಗಿರಲಿಲ್ಲ.

ಹಾಲಿಗೆ ಯಾವ ಗುಣವಾಗಬೇಕೆಂದು ಹೇಳುವವರು ಯಾರು? ಅವಳಿಗೆ ತಿಳಿಯಲಿಲ್ಲ. ಒಂದು ಸಲಕ್ಕೆ ಒಂದನ್ನು ಬದಲಿಸಿ ನೋಡುವುದು ಮಾತ್ರ ತಿಳಿದಿತ್ತು. ತೊಟ್ಟು ಬದಲಿಸಿ ಪ್ರಯೋಜನವಿಲ್ಲ. ಹಾಲು ಊರಿಗೆಲ್ಲ ಒಂದೇ. ಉಳಿದದ್ದು ಹಾಕುವ ಕೈ.

ಐದನೆಯ ಸಂಜೆ ಹಾಲು ಕಾಯುತ್ತಿರುವಾಗ ಪಕ್ಕದ ಮನೆಗೆ ಹೋದಳು. ಐದು ವರ್ಷದಿಂದ ಹೇಳಬೇಕೆಂದುಕೊಂಡಿದ್ದನ್ನು ಹೇಳಿದಳು. "ನಿಮ್ಮ ಬೆಕ್ಕಿಗೆ ನೀವೇ ಹಾಲಿಡಿ."

"ಬೆಕ್ಕು ಯಾರ ಮಾತು ಕೇಳುತ್ತೆ?" ಎಂದಳು ಪಕ್ಕದ ಮನೆಯವಳು.

"ಬೆಕ್ಕಿಗೆ ಹೇಳಿದ್ದಲ್ಲ, ನಿಮಗೆ ಹೇಳಿದ್ದು."

ಮನೆಗೆ ಬಂದಾಗ ಆ ಮಾತಿನ ಬಿಸಿ ಇನ್ನೂ ಆರಿರಲಿಲ್ಲ. ಆ ಬಿಸಿಯಲ್ಲೇ ಹೆಪ್ಪು ಹಾಕಿದಳು. ಬೆಳಿಗ್ಗೆ ಕುಡಿಕೆ ಇನ್ನೂ ನೀರಾಗಿತ್ತು. ಆದರೆ ತಿಂದ ಮೇಲೆ ಎದೆ ಒಂದು ಸಲ ಜೋರಾಗಿ ಹೊಡೆದುಕೊಂಡಿತು. ಅವಳು ಗೋಡೆಯ ಮೇಲೆ ಗೆರೆ ಎಳೆದಳು.

ಆರನೆಯ ದಿನ, ಸೇತುವೆಯ ಬಳಿ ಯಾವಾಗಲೂ ನುಗ್ಗಿ ಮುಂದೆ ಬರುವ ಒಬ್ಬನಿಗೆ, "ನಿಮ್ಮ ಸರದಿಗೆ ಬನ್ನಿ" ಎಂದಳು. ಅವನು ಗೊಣಗುತ್ತ ಹಿಂದೆ ಸರಿದ. ಸಂಜೆ ಹೆಪ್ಪು ಹಾಕಿದಳು.

ಏಳನೆಯ ದಿನ ಭಾವನಿಗೆ ಹಗ್ಗದ ವಿಷಯ ಹೇಳಿದಳು. ಭಾವ ನಕ್ಕ. "ದಿನಾ ದಾಟಿ ಅಂತೀಯ, ಮನೆಗೆ ಬಂದು ಹೀಗಂತೀಯ. ನಿನ್ನ ಯಾವ ಮಾತು ಕೇಳಲಿ? ದೊಡ್ಡಮ್ಮ ಏನಂತಾರೋ ಅದು." ಸಂಜೆ ಹೆಪ್ಪು ಹಾಕಿದಳು.

ಎಂಟನೆಯ ದಿನ ಬಾಯಿ ತೆರೆದಳು, "ದಾಟಿ" ಎಂದಳು. ಸಂಜೆ ಹೆಪ್ಪು ಹಾಕುವಾಗ ನಾಚಿಕೆಯಾಯಿತು. ಕುಡಿಕೆಯನ್ನು ಬೋರಲು ಹಾಕಬೇಕು ಅನ್ನಿಸಿತು. ದೊಡ್ಡಮ್ಮನ ಅಡುಗೆಮನೆಯ ಮೂಲೆ ನೆನಪಾಯಿತು. ನಾಚಿಕೆಯಿಂದಲೇ ಹೆಪ್ಪು ಹಾಕಿದಳು.

ಒಂಬತ್ತನೆಯ ದಿನವೂ "ದಾಟಿ" ಎಂದಳು. ಸಂಜೆ ಮತ್ತೆ ಹೆಪ್ಪು ಹಾಕಿದಳು.

*

ಹತ್ತನೆಯ ಬೆಳಿಗ್ಗೆ ಮೂರನೆಯ ಕುಡಿಕೆಯಲ್ಲಿ ಕೆನೆ ಕಟ್ಟಿತ್ತು. ತೆಳ್ಳಗೆ, ಒಂದು ಮೂಲೆಯಲ್ಲಿ ಮಾತ್ರ. ಅವಳು ತಿಂದಳು. ನಾಲಿಗೆಯ ತುದಿಗೆ ಸ್ವಲ್ಪ ಖಾರ ಇತ್ತು.

ಸೇತುವೆಯ ಬಳಿ ಊರೆಲ್ಲ ನೆರೆದಿತ್ತು. ಹನ್ನೆರಡು ಜನ ಕಲ್ಲು ಹೊತ್ತು ನಿಂತಿದ್ದರು. ಭಾವ ಮುಂದಿದ್ದ. ದೊಡ್ಡಮ್ಮ ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತಿದ್ದಳು.

ಹಗ್ಗದವಳು ನಡೆದಳು. ಮೂವತ್ತೊಂದನೆಯ ಹಲಗೆಯ ಬಳಿ ಬೆರಳು ಹಗ್ಗದೊಳಗೆ ಗೆಣ್ಣಿನವರೆಗೆ ಇಳಿಯಿತು. ತಿರುಗಿ ಬಂದಳು. ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಅದು ಧೈರ್ಯವೋ ಹೆದರಿಕೆಯೋ ಅವಳಿಗೇ ಗೊತ್ತಾಗಲಿಲ್ಲ.

"ನಿಲ್ಲಿ" ಎಂದಳು.

ದನಿ ಆ ಕೆನೆಯಷ್ಟೇ ತೆಳ್ಳಗಿತ್ತು.

"ಏನಂದಳು?" ಹಿಂದೆ ಯಾರೋ ಕೇಳಿದರು.

"ನಿಲ್ಲಿ ಅಂದಳಂತೆ."

"ಎಳ್ಳು ಕಣದಲ್ಲಿ ರಾಶಿ ಬಿದ್ದಿದೆ. ಇವಳಿಗೆ ಇವತ್ತೇ ಸಿಕ್ಕಿತಾ?"

ಭಾವ ಹೆಗಲ ಬೊಂಬು ಸರಿಮಾಡಿಕೊಂಡ. "ಐದು ವರ್ಷ ದಾಟಿ ಅಂದವಳು ನೀನೇ. ನಿನ್ನೆ ಸರಿಯಿದ್ದದ್ದು ಇವತ್ತು ಹಾಳಾಯ್ತಾ?"

"ನಿನ್ನೆಯೂ ಸರಿಯಿರಲಿಲ್ಲ ಭಾವ. ಎರಡು ವರ್ಷದಿಂದ ಸರಿಯಿಲ್ಲ. ನನ್ನ ಬೆರಳಿಗೆ ಗೊತ್ತಿತ್ತು, ಬಾಯಿ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ. ನಿಲ್ಲಿ."

ಜನ ದೊಡ್ಡಮ್ಮನ ಕಡೆ ತಿರುಗಿದರು. ಹಗ್ಗದವಳೂ ತಿರುಗಿದಳು. ತಲೆಯ ಮೇಲಿಟ್ಟ ಕೈಯನ್ನು ನೆನೆದಳು.

ದೊಡ್ಡಮ್ಮ ಹಗ್ಗ ನೋಡಿದಳು. ಕಲ್ಲು ನೋಡಿದಳು. ತನ್ನ ಬಾಯಿಯನ್ನೇ ನೋಡುತ್ತಿರುವ ಊರನ್ನು ನೋಡಿದಳು.

"ದಾಟಿ" ಎಂದಳು.

ಅವಳ ದನಿ ಬದಲಾಗಲಿಲ್ಲ. "ನನ್ನಲ್ಲಿದ್ದದ್ದು" ಎಂದ ದನಿಯೇ ಅದು.

ಹನ್ನೆರಡು ಜನ ಹೆಜ್ಜೆ ಎತ್ತಿದರು. ಹಗ್ಗದವಳು ಸೇತುವೆಯ ಬಾಯಿಗೆ ಅಡ್ಡ ನಿಂತಳು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

"ಮೊದಲು ನೀವು ದಾಟಿ ದೊಡ್ಡಮ್ಮ. ಕಲ್ಲು ಬೇಡ. ಬರಿಗೈಯಲ್ಲಿ. ನಾನು ಕೈ ಹಿಡಿದುಕೊಳ್ಳುತ್ತೇನೆ. ಮೂವತ್ತೊಂದನೆಯ ಹಲಗೆಯವರೆಗೆ ಇಬ್ಬರೂ ಹೋಗಿ ಬರೋಣ."

ಕೈ ಚಾಚಿದಳು. ದೊಡ್ಡಮ್ಮನ ಕೋಲು ಒಂದು ಗೇಣು ಮುಂದೆ ಬಂತು. ಕಾಲು ಬರಲಿಲ್ಲ.

"ಮಂಡಿ ನೋವು" ಎಂದಳು ದೊಡ್ಡಮ್ಮ.

ಹಗ್ಗದವಳು ಕೆಲಸಕ್ಕೆ ಬಂದಂದಿನಿಂದ ದೊಡ್ಡಮ್ಮ ಒಮ್ಮೆಯೂ ಸೇತುವೆ ದಾಟಿಲ್ಲ ಎಂಬುದು ಆಗ ಒಬ್ಬೊಬ್ಬರಿಗೂ ನೆನಪಾಯಿತು. ಸುಗ್ಗಿಗೂ ದಾಟಿರಲಿಲ್ಲ. ಆಚೆ ದಡದಲ್ಲಿ ಅವಳ ಸ್ವಂತ ತಮ್ಮನನ್ನು ಮಣ್ಣು ಮಾಡಿದ ದಿನವೂ ದಾಟಿರಲಿಲ್ಲ. ಆಗಲೂ ಮಂಡಿ ನೋವು ಎಂದಿದ್ದಳು. ಊರು ಅಯ್ಯೋ ಪಾಪ ಎಂದಿತ್ತು.

ಮೊದಲು ಬೊಂಬು ಇಳಿಸಿದವನು ಭಾವ. ಆಮೇಲೆ ಉಳಿದ ಹನ್ನೊಂದು ಜನ. ಕಲ್ಲು ನೆಲಕ್ಕೆ ಕೂತಾಗ ಕಾಲಡಿಯಲ್ಲಿ ಮಣ್ಣು ಅದುರಿತು.

*

ಹಳೆಯ ಹಗ್ಗವನ್ನು ಈಚೆ ಕಂಬದಿಂದ ಬಿಚ್ಚಿದಾಗ ಅದು ಯಾರ ಭಾರವೂ ಇಲ್ಲದೆ, ತನ್ನ ಭಾರಕ್ಕೇ ಮೂವತ್ತೊಂದನೆಯ ಹಲಗೆಯ ಬಳಿ ಕಡಿದುಹೋಯಿತು. ಕಮರಿಯೊಳಗೆ ಹೊಟ್ಟಿನಂತೆ ಪುಡಿ ಹಾರಿತು.

ಎರಡು ತಿಂಗಳು ಊರು ಕತ್ತಾಳೆ ಬಡಿಯಿತು. ಯಾರೂ ಹಗ್ಗದವಳನ್ನು ಹೊಗಳಲಿಲ್ಲ. "ಎರಡು ವರ್ಷ ನಮ್ಮನ್ನು ಅದರ ಮೇಲೆ ನಡೆಸಿದಳು" ಎಂದು ಅವಳ ಮುಂದೆಯೇ ಮಾತಾಡಿಕೊಂಡರು. ಅದು ನಿಜ. ಅವಳು ತಲೆ ತಗ್ಗಿಸಿ ನಾರು ಬಾಚಿದಳು. ಅಕ್ಕ ಮಾತ್ರ ದಿನವೂ ಬುತ್ತಿ ತಂದು ಪಕ್ಕದಲ್ಲಿ ಕೂತು, "ಬೈಯೋರು ಬದುಕಿದ್ದಾರಲ್ಲ, ಬೈಯಲಿ ಬಿಡು" ಎಂದಳು.

ಹೊಸ ಹಗ್ಗ ಕಟ್ಟಿದ ಮಾರನೆಯ ದಿನ ಬೆಳಿಗ್ಗೆ ದೊಡ್ಡಮ್ಮ ಹಗ್ಗದವಳ ಹೊಸಿಲಿನ ಹೊರಗೆ ನಿಂತಿದ್ದಳು. ಕೈಯಲ್ಲಿ ಮೂರನೆಯ ಕುಡಿಕೆ. ಜೇಡರ ಬಲೆ ತೊಳೆದಿದ್ದಳು.

"ನನ್ನಲ್ಲಿಲ್ಲ" ಎಂದಳು.

ಅದು ಎರಡನೆಯ ಬಾಗಿಲು ಎಂದು ಇಬ್ಬರಿಗೂ ಗೊತ್ತಿತ್ತು. ಹಗ್ಗದವಳು ಒಳಗೆ ಹೋದಳು. ನೆಲವಿನಲ್ಲಿ ಮೂರನೆಯ ಕುಡಿಕೆ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಅದನ್ನು ಮುಟ್ಟಲಿಲ್ಲ. ಬುಟ್ಟಿಯಿಂದ ಒಂದು ಮೆಣಸಿನಕಾಯಿ ತೆಗೆದು, ತೊಟ್ಟು ಮುರಿದು, ತಂದು ದೊಡ್ಡಮ್ಮನ ಕುಡಿಕೆಗೆ ಹಾಕಿದಳು. "ನನ್ನಲ್ಲಿದ್ದದ್ದು" ಎನ್ನಲಿಲ್ಲ.

"ಇದು ಯಾವ ಬಾಗಿಲಿನದೂ ಅಲ್ಲ" ಎಂದಳು. "ಮೊದಲ ದಿನ ಲೋಳೆಯಾಗುತ್ತದೆ. ಬಿಸಾಡಬೇಡಿ. ಹಾಕುವ ಮೊದಲು ಮಾಡಬೇಕಾದ್ದೊಂದಿದೆ. ಅದೇನು ಅಂತ ನಿಮಗೆ ಗೊತ್ತು. ಊರು ಇನ್ನೂ ನಿಮ್ಮ ಬಾಯಿಂದ ಕೇಳಿಲ್ಲ."

ದೊಡ್ಡಮ್ಮ ಕುಡಿಕೆಯೊಳಗಿನ ತೊಟ್ಟನ್ನು ನೋಡುತ್ತ ನಿಂತಳು. ಹಗ್ಗದವಳು ಬಾಗಿಲು ಹಾಕಿಕೊಂಡಳು.

ಬಾಗಿಲ ಹಿಂದೆ ಕೂತು ತನ್ನ ಬೆಳಗಿನ ಕುಡಿಕೆಗಳನ್ನು ಇಳಿಸಿದಳು. ಮೊದಲಿನದು ಗಮನ, ದೊಡ್ಡಮ್ಮ ಕೊಟ್ಟದ್ದು. ಎರಡನೆಯದು ಸಹನೆ, ದೊಡ್ಡಮ್ಮ ಕೊಟ್ಟದ್ದು. ಐದು ವರ್ಷದ ಹಿಂದಿನ ಆ ಎರಡು ಚಮಚಗಳೇ ಇನ್ನೂ ನಡೆಯುತ್ತಿದ್ದವು. ಒಳ್ಳೆಯ ಹೆಪ್ಪು. ಹುಳಿಯಿಲ್ಲ, ನೀರಿಲ್ಲ, ಮೋಸವಿಲ್ಲ. ಪೂರ್ತಿ ಮೋಸವಾಗಿದ್ದರೆ ಚೆಲ್ಲಿಬಿಡಬಹುದಿತ್ತು.

ಹೊರಗೆ ಕೋಲಿನ ಸದ್ದು ನಿಧಾನವಾಗಿ ಹೊರಟಿತು. ಯಾವ ಕಡೆಗೆ ಎಂದು ಅವಳು ಕಿವಿಗೊಡಲಿಲ್ಲ.

ಒಂದೊಂದು ಚಮಚ ಉಳಿಸಿ, ಮೂರನ್ನೂ ತಿಂದಳು. ಬೆಳಕಾಗಿತ್ತು. ಹೊಸ ಹಗ್ಗವನ್ನೂ ನೋಡಬೇಕಿತ್ತು.